ಬಂಡಿದಾರಿಯ ಎಫೀ

ಅಕ್ಟೋಬರ್ ಎಂಟು, ಬುಧವಾರ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಜುನಿಪರ್ ಬೆಂಚ್ ಠಾಣೆಯ ಬಾಗಿಲು ದೂಡಿಕೊಂಡು ಲವಾರ್ ಪಿಕೆಟ್ ಒಳಗೆ ಬಂದ. ಊರಿನ ಜೀಪು ಸಂಘದ ಅಧ್ಯಕ್ಷ. ಕೂರು ಎಂದರೂ ಕೂರಲಿಲ್ಲ.

"ರುಲನ್, ಎಫೀ ಸಮಾಧಿ ಕಲ್ಲು ಇಲ್ಲ ಕಣಯ್ಯಾ. ಯಾವನೋ ಎತ್ಕೊಂಡು ಹೋಗಿದಾನೆ. ಮಣ್ಣೂ ಸಡಿಲ ಆಗಿದೆ."

"ನೀನು ಕೆದಕಿದೆಯಾ?"

"ನಾನ್ಯಾಕೆ ಕೆದಕಲಿ? ನೋಡಿದ್ದೇ ಎದೆ ಒಡೆದುಹೋಯ್ತು, ಸೀದಾ ಇಲ್ಲಿಗೇ ಬಂದೆ."

ನಮ್ಮ ಊರಿನಲ್ಲಿ ಎಫೀ ಯಾರೆಂದು ಕೇಳುವವರಿಲ್ಲ. 1880ರ ಚಳಿಗಾಲದಲ್ಲಿ ಎತ್ತಿನ ಬಂಡಿಗಳಲ್ಲಿ ಬಂದು ಈ ಊರು ಕಟ್ಟಿದವರ ಜೊತೆಗಿದ್ದ ಎರಡು ವರ್ಷದ ಮಗು. ಜ್ವರ ಬಂದು ದಾರಿಯಲ್ಲೇ ಹೋಯಿತು. ಬಂಡೆ ಕಡಿದು ದಾರಿ ಮಾಡುತ್ತಿದ್ದ ಅದೇ ಉಳಿಯಿಂದ ಅಪ್ಪ ಕೆಂಪು ಕಲ್ಲಿನ ಮೇಲೆ ಅವಳ ಹೆಸರು ಕೊರೆದ. ಎಂಥ ಜನವಪ್ಪಾ ಅವರು! ಕೈಯಲ್ಲಿ ನಕ್ಷೆಯಿಲ್ಲ, ಮುಂದೆ ದಾರಿಯಿಲ್ಲ. ಬಂಡೆ ಅಡ್ಡ ಬಂದರೆ ಅದರಲ್ಲೇ ಮೆಟ್ಟಿಲು ಕಡಿದು ಬಂಡಿ ಇಳಿಸಿದರು. ಇವತ್ತು ನಾಲ್ಕೂ ಚಕ್ರ ಎಳೆಯುವ ಜೀಪಿನಲ್ಲಿ ಕೂತು ಅದೇ ಮೆಟ್ಟಿಲು ಇಳಿಯುವಾಗ ನಮಗೆ ಅಂಗೈ ಬೆವರುತ್ತದೆ.

ಇನ್ಸ್‌ಪೆಕ್ಟರ್ ರುಲನ್ ಸ್ಟಬ್ಸ್ ಎಫ್‌ಐಆರ್ ದಾಖಲಿಸಿದ. ಕಾನ್‌ಸ್ಟೇಬಲ್ ಡೆಲ್ಬರ್ಟ್ ಯೆಲ್ಲೋಮನ್‌ನನ್ನೂ ಪಂಚನಾಮೆಗೆ ಲವಾರನನ್ನೂ ಕರೆದುಕೊಂಡು ಹೊರಟ. ಡಾಂಬರು ಮುಗಿದಲ್ಲಿ ಇಳಿದು, ಬಂಡೆಯ ಮೇಲೆ ಹಿಡಿತ ಸಿಗಲೆಂದು ಟೈರುಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದರು.

ಹನ್ನೊಂದೂವರೆಗೆ 'ಅಜ್ಜಿಯ ಮೊಣಕಾಲು' ಸಿಕ್ಕಿತು. ಸಮಾಧಿಗೆ ಮೊದಲು ಬರುವ ಸೊಂಟದೆತ್ತರದ ಬಂಡೆ ಅದು. ಹಳಬರು ಕಡಿದ ಮೆಟ್ಟಿಲು ಅಲ್ಲಿ ಎಂದೋ ಮುರಿದುಬಿದ್ದಿದೆ. ಕೆಳಗೆ ಕಲ್ಲು ಪೇರಿಸದೆ ಯಾವ ಜೀಪೂ ಹತ್ತುವುದಿಲ್ಲ. ಕೆಲಸವಾದ ಮೇಲೆ ಪೇರಿಸಿದ್ದನ್ನು ತೆಗೆದು ಹೋಗುವುದು ನಮ್ಮಲ್ಲಿ ಕಟ್ಟಳೆ. ಹೆಚ್ಚಿನವರು ಕಾಲಿನಲ್ಲಿ ಒದ್ದು ಉರುಳಿಸಿ ಕೈತೊಳೆದುಕೊಳ್ಳುತ್ತಾರೆ.

ಡೆಲ್ಬರ್ಟ್ ಬಂಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಅಂಚಲ್ಲಿ ಹೊಸ ರಬ್ಬರು ಉಜ್ಜಿದೆ ಸಾರ್. ಲವಾರ್ ಇಲ್ಲಿಂದಾಚೆ ನಡೆದೇ ಹೋಗಿದ್ದಂತೆ, ಬೇರೆ ಯಾರೋ ಹತ್ತಿದಾರೆ. ಪೇರಿಸಿದ ಕಲ್ಲೆಲ್ಲಿ ಹೋಯ್ತು?"

ಸುತ್ತಲಿನ ಪೊದೆಗಳ ನಡುವೆ ಹುಡುಕಿ, ಒಂದು ಕಲ್ಲನ್ನು ಮಗುಚಿದ. ಅಡಿಯಲ್ಲಿ ಟೈರು ತುಳಿದ ಕಪ್ಪು. ಇನ್ನೊಂದನ್ನು ಮಗುಚಿದ. ಅದರಲ್ಲೂ.

"ಅಬ್ಬಾ! ಮೇಲೆ ಬೆಳೆದಿರೋ ಕಲ್ಲುಹೂ ಉಜ್ಜಿಹೋಗಬಾರದು ಅಂತ ಬೋರಲು ಹಾಕಿ ಹತ್ತಿದಾರೆ ಸಾರ್. ಆಮೇಲೆ ಒಂದೊಂದನ್ನೂ ಎತ್ತಿದ ಕುಳಿಗೇ ವಾಪಸ್ಸು ಕೂರಿಸಿದಾರೆ, ಹೂವಿರೋ ಮೈ ಮೇಲೆ ಮಾಡಿ."

"ಕಳ್ಳನಿಗೆ ಕಲ್ಲಿನ ಮೇಲೆ ಇಷ್ಟು ಮುದ್ದಾ?" ಎಂದು ಲವಾರ್ ನಕ್ಕ.

ರುಲನ್‌ಗೆ ನಗು ಬರಲಿಲ್ಲ. ಕಲ್ಲನ್ನು ಹೀಗೆ ವಾಪಸ್ಸಿಡಲು ಕಲಿಸುವವರು ಊರಿಗೆಲ್ಲ ಒಬ್ಬರೇ. ಅವನಿಗೆ ಜೀಪು ಓಡಿಸಲು ಕಲಿಸಿದ್ದೂ ಅವರೇ.

ಒಣ ಹಳ್ಳದ ದಂಡೆಯ ಮೇಲೆ, ಸಮಾಧಿಯಿದ್ದಲ್ಲಿ, ಪಂಚನಾಮೆ ಮಾಡಿಸಿ ಮಣ್ಣು ತೆಗೆಸಿದ. ಮಗುವಿನ ಶವಪೆಟ್ಟಿಗೆಯೂ ಇರಲಿಲ್ಲ. ಡೆಲ್ಬರ್ಟ್ ಈ ನೆಲದ ಮೂಲನಿವಾಸಿ; ಅವನ ಜನ ಸಮಾಧಿಯ ಹತ್ತಿರ ಸುಳಿಯುವುದಿಲ್ಲ. ಅವನು ಅಷ್ಟು ದೂರದಲ್ಲೇ ಕೂತು ಟೈರಿನ ಗುರುತಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದ. ಗುಂಡಿಯಿಂದ ಒಂದು ಮೊಳದಾಚೆ ದಂಡೆ ಉದ್ದಕ್ಕೆ ಬಿರುಕು ಬಿಟ್ಟಿತ್ತು.

ಮಧ್ಯಾಹ್ನ ಮೂರಕ್ಕೆ ರುಲನ್ ಹೋದಾಗ ಥೋರಾ ಜೆಸಪ್ ತಮ್ಮ ಅಡುಗೆಮನೆಯಲ್ಲಿ ಪೇರು ಹಣ್ಣು ಬೇಯಿಸಿ ಗಾಜಿನ ಜಾಡಿಗಳಿಗೆ ತುಂಬುತ್ತಿದ್ದರು. ಎಪ್ಪತ್ತೊಂದು ವರ್ಷ, ಗಟ್ಟಿ ಜೀವ.

"ಥೋರಕ್ಕ, ನಿನ್ನೆ ಮೊನ್ನೆ ಎಲ್ಲಿದ್ರಿ?"

"ಗೊತ್ತಿದ್ದೇ ಬಂದಿದೀಯ. ಏನು ನೋಡಿ ಕಂಡುಹಿಡಿದೆ?"

"ಮೊಣಕಾಲಿನ ಹತ್ತಿರದ ಕಲ್ಲು ನೋಡಿ."

"ಸದ್ಯ! ನಿನಗೆ ಕಲಿಸಿದ್ದು ದಂಡ ಆಗ್ಲಿಲ್ಲ ಬಿಡು."

"ಜೊತೆಗೆ ಯಾರಿದ್ರು?"

"ನಾನೊಬ್ಬಳೇ."

"ಪೆಟ್ಟಿಗೆ ಎಲ್ಲಿದೆ?"

"ಹೇಳಲ್ಲ."

"ಅಕ್ಕ, ಸಮಾಧಿ ಅಗೆಯೋದು ಅಂದ್ರೆ ಜೈಲಿನ ಮಾತು."

"ಅಷ್ಟೂ ತಿಳೀದೆ ಅಗೆದ್ನಾ? ದಂಡೆ ಬೀಳುತ್ತೆ, ದಂಡೆ ಬೀಳುತ್ತೆ ಅಂತ ಮೂರು ವರ್ಷ ಪುರಾತತ್ವ ಆಫೀಸು ಅಲೆದೆ. ನೋಡೋಣ ಅಂದ್ರು. ನೋಡ್ತಾನೇ ಇದಾರೆ. ಈಗ ನಾನು ಬಾಯಿ ಬಿಟ್ರೆ ಕಾಯಿದೆ ಅಂತ ಅಲ್ಲೇ ತಗೊಂಡೋಗಿ ಹೂಳ್ತಾರೆ. ಹೂಳ್ತಾರೋ ಇಲ್ವೋ, ನೀನೇ ಹೇಳು."

ರುಲನ್ ದಾರಿಯಲ್ಲೇ ಆ ಆಫೀಸಿಗೆ ಫೋನ್ ಮಾಡಿ ಕೇಳಿದ್ದ. ಅವಶೇಷ ಮೂಲಸ್ಥಾನದಲ್ಲೇ ಇರತಕ್ಕದ್ದು ಎಂದಿದ್ದರು.

"ಹಳ್ಳ ತುಂಬಿ ಬರಲಿ. ಆಮೇಲೆ ಹೇಳ್ತೀನಿ," ಎಂದು ಥೋರಕ್ಕ ಒಲೆ ಆರಿಸಿದರು.

ಡೆಲ್ಬರ್ಟ್ ತಂದ ಅಚ್ಚು ಹಿತ್ತಲಿನ ಜೀಪಿನ ಟೈರಿಗೆ ಸರಿಯಾಗಿ ಹೊಂದಿತು. ನಾಲ್ಕೂವರೆಗೆ ಬಂಧನ, ಜೀಪು ಜಪ್ತಿ. ಪೊಲೀಸ್ ಗಾಡಿ ಹತ್ತುವ ಮೊದಲು ಥೋರಕ್ಕ ಅದರ ಟೈರಿಗೊಂದು ಒದೆ ಕೊಟ್ಟರು. "ಡಾಂಬರಿನ ಮೇಲೂ ಇಷ್ಟೇ ಗಾಳೀಲಿ ಓಡಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ರುಲನ್ ಗಾಳಿ ತುಂಬಿಸಿದ.

ಗುರುವಾರ ನ್ಯಾಯಾಧೀಶರು, ಜಾಗ ತೋರಿಸಿದರೆ ಜಾಮೀನು ಎಂದರು. ಥೋರಕ್ಕ ಆಗಲ್ಲವೆಂದು ತಲೆಯಾಡಿಸಿ ಮತ್ತೆ ಲಾಕಪ್ಪಿಗೇ ನಡೆದರು. ಅವರ ಮೊಂಡುತನಕ್ಕೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಒಳಗೊಳಗೇ ಹೆಮ್ಮೆಯೂ ಆಯಿತೆನ್ನಿ; ಬಂಡೆ ಕಡಿದವರ ತಳಿಯಲ್ಲವೇ? ಶುಕ್ರವಾರ ಮಳೆ ಹೊಡೆಯಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಡೆಲ್ಬರ್ಟ್ ಹಳ್ಳದ ಹತ್ತಿರದಿಂದಲೇ ವೈರ್‌ಲೆಸ್‌ನಲ್ಲಿ ಮಾತಾಡಿದ. "ಸಾರ್, ದಂಡೇನೇ ಇಲ್ಲ. ಗುಂಡಿ, ಅದರಾಚೆ ಹತ್ತಡಿ, ಎಲ್ಲ ಕೊಚ್ಚಿಹೋಗಿದೆ."

ರುಲನ್ ಲಾಕಪ್ಪಿನ ಬೀಗ ತೆಗೆದು ಒಳಗೆ ಹೋಗಿ, ಪಕ್ಕದಲ್ಲೇ ಕೂತು ಸುದ್ದಿ ಹೇಳಿದ. ಈಗ ಥೋರಕ್ಕ ತಾವಾಗಿಯೇ ಹೇಳಿದರು: ಮೊಣಕಾಲಿನ ಮೇಲಿನ ದಿಬ್ಬ, ಒಂಟಿ ಪೈನ್ ಮರದ ಕೆಳಗೆ.

ಅಲ್ಲೇ ಇತ್ತು. ಕಲ್ಲು ಬಂಡಿದಾರಿಗೆ ಮುಖ ಮಾಡಿ ನೆಟ್ಟಗೆ ನಿಂತಿತ್ತು. ಕೆಳಗೆ, ಕೈಹೊಲಿಗೆಯ ಕೌದಿಯಲ್ಲಿ ಸುತ್ತಿದ ಪುಟ್ಟ ಮರದ ಪೆಟ್ಟಿಗೆ, ಒಂದು ಹಲಗೆಯೂ ಅಲುಗಿರಲಿಲ್ಲ. ಆ ವಯಸ್ಸಿನಲ್ಲಿ ಒಬ್ಬರೇ ಅದನ್ನು ಹೇಗೆ ಮೇಲಕ್ಕೆ ತಂದರೋ! ರುಲನ್ ಟೋಪಿ ತೆಗೆದು ನಿಂತ.

ಸಂಜೆ ಹೇಳಿಕೆ ಬರೆದುಕೊಳ್ಳುವಾಗ ಕೇಳಿದ. "ಎಫೀ ನಿಮ್ಮ ಮನೆತನದವಳಲ್ಲ. ನೀವ್ಯಾಕೆ ಅಕ್ಕ?"

ಥೋರಕ್ಕನಿಗೆ ಚಿಕ್ಕಂದಿನಲ್ಲೇ ತೀರಿಹೋದ ಮಗಳೊಬ್ಬಳಿದ್ದಳು ಎಂದಷ್ಟೇ ಅವನಿಗೆ ಗೊತ್ತಿತ್ತು. ಊರಿನಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

"ನನ್ನ ರೋವಿನಾನ ಅದೇ ಹಳ್ಳ ತಗೊಂಡೋಯ್ತು. ನಾಲ್ಕು ವರ್ಷ ಅವಳಿಗೆ. ಎಷ್ಟು ಹುಡುಕಿದ್ರೂ ಸಿಗಲಿಲ್ಲ ಕಣೋ. ಎಲ್ಲಿ ಹೋಗಿ ಕೂತು ಅಳಲಿ? ಎಫೀ ಹತ್ರ ಹೋಗಿ ಕೂರ್ತಿದ್ದೆ. ಇಷ್ಟು ವರ್ಷ ನನ್ನ ಮಗಳ ಹುಟ್ಟಿದಹಬ್ಬ ಅವಳ ಜೊತೆಗೇ ಮಾಡಿದೀನಿ." ಕಣ್ಣೊರೆಸಿಕೊಂಡರು. "ಜೈಲಿಗೆ ಬೇಕಾದ್ರೆ ಹಾಕು. ಆ ಹಳ್ಳಕ್ಕೆ ಇನ್ನೊಂದು ಮಗೂನ ಕೊಡ್ತಿರಲಿಲ್ಲ ನಾನು."