ಬೀಳದ ತಲೆಮಾರು

ಮೆಟ್ಟಿಲಿಳಿಯುತ್ತಿದ್ದ ಹುಡುಗನೊಬ್ಬ ಎಡವಿದ. ಫೋನಿನಲ್ಲಿ ಯಾರೊಡನೆಯೋ ಜಗಳವಾಡುತ್ತಿದ್ದವನ ಬಲಗಾಲು ಮೆಟ್ಟಿಲು ತಪ್ಪಿತು, ದೇಹ ಮುಂದಕ್ಕೆ ವಾಲಿತು. ಅಷ್ಟರಲ್ಲಿ ಸೊಂಟದ ಪಟ್ಟಿ ಒಮ್ಮೆ ಗುಂಯ್ ಎಂದಿತು. ಮರುಕ್ಷಣ ಅವನು ನೆಟ್ಟಗೆ ನಿಂತಿದ್ದ. ಜಗಳದ ಒಂದು ಮಾತೂ ತುಂಡಾಗಿರಲಿಲ್ಲ. ತಾನು ಎಡವಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಮೇಲಿನ ಕಿಟಕಿಯಿಂದ ನೀಲಾಂಬಿಕೆ ಇದನ್ನು ನೋಡಿದಳು. ಧಾರವಾಡದಾಚೆಯ ಗುಡ್ಡದ ಮೇಲೆ ಹೊಸದಾಗಿ ಕಟ್ಟಿದ ವಿಶ್ವವಿದ್ಯಾಲಯದ ಮಾನವ ಚಲನವಿಜ್ಞಾನ ವಿಭಾಗದಲ್ಲಿ ಅವಳು ಸಂಶೋಧನಾ ವಿದ್ಯಾರ್ಥಿನಿ. ಇಂತಹ ದೃಶ್ಯವನ್ನು ದಿನಕ್ಕೆ ಹತ್ತು ಸಲ ನೋಡುತ್ತ ಬೆಳೆದವಳು. ಈಗೀಗ ಅದನ್ನು ಕಂಡರೆ ಭಯವಾಗುತ್ತಿತ್ತು.

ಪತನರೋಧಕ ಪಟ್ಟಿಯ ತತ್ತ್ವ ಸರಳವಾದದ್ದು. ನಿಂತ ಮನುಷ್ಯನ ಭಾರವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದುಕೊಂಡರೆ ಅದು ಅವನ ಗುರುತ್ವಕೇಂದ್ರ. ಆ ಬಿಂದು ಪಾದಗಳ ನೆಲೆಯನ್ನು ದಾಟಿತೋ, ಮನುಷ್ಯ ಬೀಳುತ್ತಾನೆ. ನಡಿಗೆಯ ಲಯವನ್ನೂ ಓಟದ ಲಯವನ್ನೂ ಪಟ್ಟಿ ಬಲ್ಲದು. ಲಯ ತಪ್ಪಿ ಬಿಂದು ದಾಟಿದ ಕೂಡಲೇ ಅದರೊಳಗಿನ ಪುಟ್ಟ ಭ್ರಮಣಚಕ್ರಗಳು ತಿರುಗಿ ದೇಹವನ್ನು ಹಿಂದಕ್ಕೆಳೆದು ನಿಲ್ಲಿಸುತ್ತವೆ. ಇದು ಬಂದಮೇಲೆ ಮುದುಕರ ಸೊಂಟದ ಮೂಳೆ ಮುರಿಯುವುದು ನಿಂತಿತು. ಕಬಡ್ಡಿ, ಕುಸ್ತಿಗಳು ಸದ್ದಿಲ್ಲದೆ ಮಾಯವಾದವು, ಯಾರೂ ಅಳಲಿಲ್ಲ. ಮಳೆ ಬೀಳುತ್ತಿತ್ತು, ಬೆಲೆ ಬೀಳುತ್ತಿತ್ತು, ಸರ್ಕಾರಗಳೂ ಆಗಾಗ ಬೀಳುತ್ತಿದ್ದವು. ಮನುಷ್ಯ ಮಾತ್ರ ಬೀಳುತ್ತಿರಲಿಲ್ಲ.

ಜನ ಅದಕ್ಕೆ ಉಡಿದಾರ ಎಂದೇ ಹೆಸರಿಟ್ಟಿದ್ದರು. ಕೂಸು ಗೋಡೆ ಹಿಡಿದು ನಿಲ್ಲಲು ಕಲಿತ ವಾರದಲ್ಲಿ ಐವರು ಮುತ್ತೈದೆಯರನ್ನು ಕರೆದು, ಪಟ್ಟಿಗೆ ಅರಿಶಿನ ಹಚ್ಚಿ, ಕೂಸಿನ ಸೊಂಟಕ್ಕೆ ಕಟ್ಟಿ ಹೋಳಿಗೆ ಊಟ ಹಾಕುವುದು ಪದ್ಧತಿಯಾಗಿ ಹೋಗಿತ್ತು. ನೀಲಾಂಬಿಕೆಗೂ ಹಾಗೆಯೇ ಕಟ್ಟಿದ್ದರು. ಅವಳು ಹುಟ್ಟಿದಾರಭ್ಯ ಒಮ್ಮೆಯೂ ಬಿದ್ದವಳಲ್ಲ. ಅವಳ ಮಗ ಶರಣುವಿಗೆ ಬರುವ ಸೋಮವಾರ ಕಟ್ಟುವುದೆಂದು ಅತ್ತೆ ಗೌರವ್ವ ಮುಹೂರ್ತ ಇಡಿಸಿದ್ದರು.

ತೊಡಕು ಶುರುವಾದದ್ದು ಒಂದು ಸಾಮಾನ್ಯ ಪ್ರಯೋಗದಿಂದ. ಪಟ್ಟಿ ಧರಿಸಿದವರ ಸ್ನಾಯುಗಳು ಎಷ್ಟು ಬೇಗ ಸ್ಪಂದಿಸುತ್ತವೆ ಎಂಬುದು ಅವಳ ವಿಷಯ. ಹೋಲಿಕೆಗೆಂದು ಪಟ್ಟಿಯನ್ನು ಬಂದ್ ಮಾಡಿಯೂ ಒಮ್ಮೆ ಅಳೆಯಬೇಕಿತ್ತು. ದಪ್ಪ ಹಾಸಿಗೆ ಹಾಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಓರೆಹಲಗೆಯ ಮೇಲೆ ನಿಲ್ಲಿಸಿ, ಹಲಗೆಯನ್ನು ವಾಲಿಸಿದಳು. ಎಲ್ಲರೂ ಕಡಿದ ಬಾಳೆಗಿಡದಂತೆ ಮುಖ ಅಡಿಯಾಗಿ ಬಿದ್ದರು. ಒಬ್ಬರೂ ಕೈ ಮುಂದೆ ಚಾಚಲಿಲ್ಲ, ಮೊಣಕಾಲು ಮಡಚಲಿಲ್ಲ. ಹಲಗೆಯದೇ ದೋಷವಿರಬೇಕೆಂದು ಕೊನೆಗೆ ತಾನೇ ಹತ್ತಿ ನಿಂತಳು. ಹಾಸಿಗೆ ಮೂಗಿಗೆ ಬಡಿದಾಗ ಅವಳ ಕೈಗಳು ಇನ್ನೂ ಪಕ್ಕದಲ್ಲೇ ಇದ್ದವು.

ಬೀಳುವಾಗ ಕೈ ತಾನಾಗಿಯೇ ಮುಂದೆ ಬರುವುದಕ್ಕೆ ಕೈಯೂರು ಪ್ರತಿವರ್ತನೆ ಎನ್ನುತ್ತಾರೆ. ತೆವಳುವ ವಯಸ್ಸಿನಲ್ಲಿ ಅದು ಕೂಸಿನಲ್ಲಿ ಮೊಳೆಯುತ್ತದೆ. ಬಿದ್ದು ಬಿದ್ದು ಗಟ್ಟಿಯಾಗುತ್ತದೆ. ಬೀಳದವರಲ್ಲಿ ಅದು ನೀರಿಲ್ಲದ ಸಸಿಯಂತೆ ಒಣಗಿಹೋಗಿತ್ತು. ವರ್ಷಕ್ಕೊಮ್ಮೆ ಪಟ್ಟಿಯನ್ನು ದುರಸ್ತಿಗೆ ಕೊಟ್ಟ ದಿನ ಎದ್ದು ಓಡಾಡಿದ ಕೆಲವರು ತಲೆಯೊಡೆದು ಸತ್ತ ಸುದ್ದಿ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಅವರ ಅಜಾಗರೂಕತೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಈಗ ಆ ಸುದ್ದಿಗಳು ನೀಲಾಂಬಿಕೆಗೆ ಒಂದೊಂದಾಗಿ ನೆನಪಾದವು.

ಅವಳ ಮಾರ್ಗದರ್ಶಕರು ಪ್ರೊಫೆಸರ್ ವಿರೂಪಾಕ್ಷ ಹಂಚಿನಮನಿ. ಪಟ್ಟಿಯನ್ನು ಕಂಡುಹಿಡಿದವರೂ ಅವರೇ. ಅವಳು ಪ್ರಯೋಗದ ವಿಡಿಯೋವನ್ನು ಅವರ ಮುಂದಿಟ್ಟಳು. ಮುದುಕ ಸಿಟ್ಟಾಗುತ್ತಾರೆಂದು ಕಾದಳು. ಅವರು ಮತ್ತೆ ಮತ್ತೆ ನೋಡಿದರು, ಕನ್ನಡಕ ತೆಗೆದಿಟ್ಟರು.

“ನಾವು ಬರೇ ಬಿದ್ದವರನ್ನ ಎಣಿಸಿದ್ವಿ ನೋಡವಾ,” ಎಂದರು. “ಸೊನ್ನಿ ಬಂದ ದಿನಾ ಪೇಡೆ ಹಂಚಿದ್ವಿ. ಬೀಳದಂಗ ಉಳಿದವರಿಗೆ ಒಳಗ ಏನಾತು ಅಂತ ಯಾರೂ ಕೇಳಲಿಲ್ಲ.”

ಮೊದಲ ಎರಡು ವರ್ಷ ಕೂಸುಗಳಿಗೆ ಪಟ್ಟಿ ಕಟ್ಟದೆ ಬಿಟ್ಟರೆ ಸಾಕೇನೋ ಎಂದು ಅವರ ಊಹೆ. ಆದರೆ ಊಹೆಯನ್ನು ಪರೀಕ್ಷಿಸಬೇಕಾದರೆ ಕೂಸುಗಳನ್ನು ಬೀಳಲು ಬಿಡಬೇಕು. ನೀತಿ ಸಮಿತಿಯ ಸದಸ್ಯರು ಅರ್ಜಿಯನ್ನು ಓದಿ ಬೆಚ್ಚಿಬಿದ್ದರು. ಹಾಗೆ ಬಿಡುವ ತಾಯಿ ಯಾವಳಿದ್ದಾಳೆ ಎಂದು ಕೇಳಿ ಕಳಿಸಿದರು. ಆ ಪ್ರಶ್ನೆ ನೀಲಾಂಬಿಕೆಯ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಪಟ್ಟಿ ಕಟ್ಟಿದರೆ ಮಗ ಮುಂದೊಂದು ದಿನ ಬರಿಸೊಂಟದಲ್ಲಿ ಎದ್ದು ನಡೆದು ತಲೆಯೊಡೆದುಕೊಂಡಾನು. ಕಟ್ಟದಿದ್ದರೆ ಇವತ್ತೇ ಒಡೆದುಕೊಂಡಾನು. ಅತ್ತ ದರಿ, ಇತ್ತ ಪುಲಿ.

ಶಾಸ್ತ್ರ ಬೇಡವೆಂದು ಅವಳು ಬಾಯಿಬಿಟ್ಟಾಗ ಗೌರವ್ವ ಕೈಯಲ್ಲಿದ್ದ ಕಣಕವನ್ನು ಹಾಗೇ ಬಿಟ್ಟರು. ಅವರು ಪಟ್ಟಿಯಿಲ್ಲದ ಕಾಲದಲ್ಲಿ ಹುಟ್ಟಿ, ಬೇಕಾದಷ್ಟು ಬಿದ್ದು ಬೆಳೆದವರು. ಬೀಳುವುದರ ರುಚಿ ಬಲ್ಲವರು.

“ನಮ್ಮವ್ವ ಬಚ್ಚಲದಾಗ ಬಿದ್ದು ಮೂರು ವರ್ಷ ಹಾಸಗಿ ಹಿಡದ್ಲು. ನೀರು ಕುಡಸಾಕಿ ನಾನ,” ಎಂದರು. “ನೀ ಬಿದ್ದಿಲ್ಲ. ಅದಕ್ಕ ಬೀಳೂದು ಚೊಲೊ ಅಂತಿ.”

ನೀಲಾಂಬಿಕೆ ಪ್ರಯೋಗದ ವಿಡಿಯೋ ತೋರಿಸಿದಳು. ಹಾಸಿಗೆಯ ಮೇಲೆ ದಿಂಡಿನಂತೆ ಬಿದ್ದ ಸೊಸೆಯನ್ನು ಗೌರವ್ವ ಬಹಳ ಹೊತ್ತು ನೋಡಿದರು. “ಬೀಳಾಕ ಕಲಿಸೂದೂ ಒಂದು ಪಾಠ ಆತು ಹಂಗಾರ,” ಎಂದು ಗೊಣಗಿ, ಮುಹೂರ್ತವನ್ನು ದೀಪಾವಳಿಯ ತನಕ ಮುಂದೂಡಿದರು. ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಿದ್ದ ಗಂಡ ಸಿದ್ಧರಾಮ ಉಸಿರುಬಿಟ್ಟ.

ಆಮೇಲಿನ ದಿನಗಳು ನೀಲಾಂಬಿಕೆಗೆ ನರಕ. ಶರಣು ಎದ್ದ, ಬಿದ್ದ, ನಕ್ಕ, ಬಿದ್ದ, ಬೆಕ್ಕನ್ನು ಹಿಡಿಯಹೋಗಿ ಬಿದ್ದ. ಪ್ರತಿ ಸಲವೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಗೌರವ್ವ ಮಾತ್ರ “ಇರವಿ ಸತ್ತ್‌ಹೋತು ನೋಡು” ಎನ್ನುತ್ತ ನೆಲಕ್ಕೆರಡು ಏಟು ಕೊಡುತ್ತಿದ್ದರು. ಅಳು ಹೊರಟ ಕೂಸು ಸತ್ತ ಇರುವೆಯನ್ನು ಹುಡುಕುತ್ತ ಅಳುವುದನ್ನು ಮರೆಯುತ್ತಿತ್ತು. ಅದರ ಹಣೆಯ ಬುಗುಟನ್ನು ಕಂಡ ನೆರೆಯವರು ನೀಲಾಂಬಿಕೆಯೊಡನೆ ಮಾತು ಕಡಿಮೆ ಮಾಡಿದರು. ಓದಿದವಳಂತೆ, ಹೆತ್ತ ಕೂಸಿನ ಮೇಲೆ ಪ್ರಯೋಗ ಮಾಡುತ್ತಾಳಂತೆ ಎಂಬ ಮಾತು ಅವಳ ಕಿವಿಗೂ ಬಿತ್ತು. ಅದು ಸುಳ್ಳೆಂದು ಹೇಳಲು ಅವಳಿಗೇ ಧೈರ್ಯವಿರಲಿಲ್ಲ.

ಒಂದು ರವಿವಾರ ಹಂಚಿನಮನಿಯವರು ಕೂಸನ್ನು ನೋಡಲು ಬಂದರು. ಎಲ್ಲರೂ ಹಿತ್ತಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಶರಣು ಬಟ್ಟೆ ಒಗೆಯುವ ಕಟ್ಟೆಯನ್ನು ಹತ್ತಿ, ಅಂಚಿಗೆ ಬಂದು, ತಾಯಿಯ ಕಡೆ ನೋಡಿ ನಕ್ಕು, ಒಂದು ಕಾಲನ್ನು ಗಾಳಿಯಲ್ಲಿಟ್ಟ. ಅವನ ಎದೆಯೆತ್ತರದ ಕಟ್ಟೆ, ಕೆಳಗೆ ಹಾಸುಗಲ್ಲು. ಪಾಠ, ಪ್ರಯೋಗ ಎಲ್ಲ ಮರೆತು ನೀಲಾಂಬಿಕೆ ಓಡಿದಳು. ಹತ್ತಿರ ಹೋಗಿ ಎರಡೂ ಕೈ ಚಾಚಿ ಮುಂದಕ್ಕೆ ಹಾರಿದಳು.

ಪಟ್ಟಿ ಗುಂಯ್ ಎಂದಿತು. ಅವಳ ಗುರುತ್ವಕೇಂದ್ರ ಪಾದಗಳ ನೆಲೆ ದಾಟಿತ್ತು. ಇದು ನಡಿಗೆಯ ಲಯವಲ್ಲ, ಓಟದ್ದೂ ಅಲ್ಲ. ಭ್ರಮಣಚಕ್ರಗಳು ಅವಳನ್ನು ಹಿಂದಕ್ಕೆಳೆದು ಕಂಬದಂತೆ ನೆಟ್ಟಗೆ ನಿಲ್ಲಿಸಿದವು. ಬೆರಳ ತುದಿಯಿಂದ ಗೇಣುದೂರದಲ್ಲಿ ಅವಳ ಮಗ ಕೆಳಗೆ ಹೋದ. ಅವಳು ನೋಡುತ್ತ ನಿಂತಿದ್ದಳು.

ಶರಣು ಎರಡೂ ಕೈ ಊರಿಕೊಂಡು ಬಿದ್ದ. ಅಂಗೈ ತರಚಿತು, ತುಟಿಯಿಂದ ರಕ್ತ ಬಂತು, ತಲೆ ಕಲ್ಲಿಗೆ ತಾಕಲಿಲ್ಲ. ಓಣಿಯೆಲ್ಲ ಕೇಳುವಂತೆ ಅಳುತ್ತಿದ್ದ ಅವನನ್ನು ಗೌರವ್ವ ಎತ್ತಿಕೊಂಡರು. ನೀಲಾಂಬಿಕೆಯ ಚಾಚಿದ ಕೈಗಳು ಇನ್ನೂ ಹಾಗೆಯೇ ಇದ್ದವು. ಮಗ ಗೆದ್ದನೆಂಬ ಸಮಾಧಾನ ಅವಳಿಗೆ ಎಳ್ಳಷ್ಟೂ ಆಗಲಿಲ್ಲ.

ಹಂಚಿನಮನಿಯವರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಇಷ್ಟು ವರ್ಷಗಳಲ್ಲಿ ಈ ಪಟ್ಟಿ ಎಷ್ಟೋ ತಾಯಂದಿರನ್ನು ಹೀಗೆ ಹಿಂದಕ್ಕೆಳೆದಿರಬಹುದಿತ್ತು! ಆದರೆ ಯಾರೂ ಬೀಳದಿದ್ದುದರಿಂದ ಯಾರನ್ನೂ ಹಿಡಿಯುವ ಪ್ರಸಂಗವೇ ಬಂದಿರಲಿಲ್ಲ.

“ಬೀಳಾವರನ್ನ ಹಿಡಿಯಾಕ ಹೋಗಾವ್ರು ಅರ್ಧಾ ತಾವೂ ಬಿದ್ದಿರತಾರ,” ಎಂದರು ಮೆಲ್ಲಗೆ. “ಅದು ನನಗ ಹೊಳೀಲೇ ಇಲ್ಲ.”

ನೀಲಾಂಬಿಕೆ ಸೊಂಟದ ಪಟ್ಟಿಯನ್ನು ಬಿಚ್ಚಿದಳು. ಬಿಚ್ಚಿದ ಕೂಡಲೇ ನೆಲ ತೂಗಿದಂತಾಯಿತು. ಕೂಸನ್ನು ಕಂಕುಳಿಗೇರಿಸಿಕೊಂಡಿದ್ದ ಗೌರವ್ವ ಇನ್ನೊಂದು ಕೈಯನ್ನು ಸೊಸೆಗೆ ಕೊಟ್ಟರು. ಅಂದಿನಿಂದ ದಿನವೂ ಸಂಜೆ ಅತ್ತೆಯ ಕೈ ಹಿಡಿದು ಅವಳು ಹಿತ್ತಲಲ್ಲಿ ನಡೆಯಲು ಕಲಿಯತೊಡಗಿದಳು. ಮಗ ಮುಂದೆ, ತಾಯಿ ಹಿಂದೆ. ಹುಲ್ಲಿನ ಮೇಲೆ ಬೇಕೆಂದೇ ಬಿದ್ದು ಕೈಯೂರುವುದನ್ನು ಅಭ್ಯಾಸ ಮಾಡಿದಳು. ಒಣಗಿದ್ದು ಚಿಗುರುತ್ತದೆಯೋ ಇಲ್ಲವೋ ಎಂಬ ಚಿಂತೆ ಅವಳ ನಿದ್ದೆ ತಿನ್ನುತ್ತಿತ್ತು. ಹತ್ತು ಸಲದಲ್ಲಿ ಎರಡು ಸಲ ಕೈ ಬರುತ್ತಿತ್ತು, ಆಮೇಲೆ ನಾಲ್ಕು ಸಲ.

ದೀಪಾವಳಿಗೆ ಸ್ವಲ್ಪ ಮುಂಚೆ ಅವಳು ನಿಜವಾಗಿ ಬಿದ್ದಳು. ಪಟ್ಟಿಯಿಲ್ಲದೆ ಅಂಗಡಿಯಿಂದ ಬರುವಾಗ ಬೀದಿಯ ಕಲ್ಲು ಎಡವಿ, ಮೊಣಕೈ ಮೊಣಕಾಲುಗಳ ಮೇಲೆ ಧೊಪ್ಪನೆ ಬಿದ್ದು, ಗದ್ದ ಒಡೆದುಕೊಂಡಳು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಸುದ್ದಿ ತಿಳಿದ ಹಂಚಿನಮನಿಯವರು ಫೋನು ಮಾಡಿ, ಇಷ್ಟು ದಿನ ಕಲಿತದ್ದೆಲ್ಲ ಎಲ್ಲಿ ಹೋಯಿತು, ಕೈ ಯಾಕೆ ಊರಲಿಲ್ಲ ಎಂದು ಗದರಿದರು.

ಹೊಲಿಗೆ ಎಳೆಯದಂತೆ ಬಾಯನ್ನು ಸ್ವಲ್ಪವೇ ತೆರೆದು ಅವಳು ಹೇಳಿದಳು:

“ಕೈಯಾಗ ಕೂಸಿತ್ತು, ಸರ್.”