ಒಳಗೆ ಬಿಟ್ಟ ಬಟ್ಟೆ

ಬೋರ್ಡು ಬರೆಯುವವನು ಆ ಬೀದಿಯಲ್ಲಿ ಮೂರು ಸಲ ಹೋಗಿ ಮೂರು ಸಲ ಬಂದ. ಹೊಲಿಗೆ ಅಂಗಡಿಯ ಬಾಗಿಲು ತೆರೆದೇ ಇತ್ತು. ಮೇಲೆ ಅವನೇ ಬರೆದ ಬೋರ್ಡು. ಅಕ್ಷರಗಳ ಕೆಳಗಿನ ಕೆಂಪು ಗೆರೆ ಕೊನೆಗೆ ಬರುವಾಗ ಹಾವು ಹರಿದ ಹಾಗೆ ಸೊಟ್ಟಗಾಗಿತ್ತು. ಅಳಿಸಿ ಬರೆದುಕೊಡುತ್ತೇನೆಂದರೆ ಅಂಗಡಿಯವಳು ಬಿಟ್ಟಿರಲಿಲ್ಲ. "ಇರಲಿ ಬಿಡಿ, ನಿಮ್ಮ ಗುರುತು" ಎಂದು ನಕ್ಕಿದ್ದಳು. ಮಾತು ಶುರುವಾದದ್ದೇ ಆ ಗೆರೆಯಿಂದ. ಆರು ತಿಂಗಳಲ್ಲಿ ಅದು ಮದುವೆಯ ತನಕ ಬಂದು ನಿಂತಿತ್ತು.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೇ ಇವತ್ತು ಅವನು ಬಂದಿದ್ದ. ನಿಂತಲ್ಲಿ ನಿಲ್ಲಲಾಗದ, ಕೂತಲ್ಲಿ ಕೂರಲಾಗದ ಸಂಕಟ.

"ಬೀದಿ ಸವೆದುಹೋಗುತ್ತೆ, ಒಳಗೆ ಬನ್ನಿ ಪೇಂಟರ್ರೇ," ಎಂದಳು ಅವಳು, ಮಿಷನ್ನಿನಿಂದ ತಲೆ ಎತ್ತದೆ.

ಮೂಲೆಯಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅವಳ ಚಿಕ್ಕಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ನನಗೆ ಕಿವಿ ಮಂದ. ನೀವು ಮಾತಾಡ್ಕೊಳ್ಳಿ."

ಅವನಿಗೆ ನಗು ಬರಲಿಲ್ಲ. ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ. "ಮದುವೆ ಶರ್ಟು ಹೊಲೀಬೇಡ."

"ಹೊಲ್ದಾಯ್ತಲ್ಲ."

"ಡಾಕ್ಟರ ಹತ್ರ ಹೋಗಿದ್ದೆ. ಕೈ ನಡುಕ ಹೀಗೇ ಇದ್ರೂ ಇರಬಹುದಂತೆ, ಜಾಸ್ತಿ ಆದ್ರೂ ಆಗಬಹುದಂತೆ. ಈಗ್ಲೇ ಏನೂ ಹೇಳೋಕಾಗಲ್ವಂತೆ. ಅಂಥದ್ದನ್ನ ನಿನ್ನ ತಲೆಗೆ ಹೇಗೆ ಕಟ್ಲಿ?"

ಮಿಷನ್ ನಿಂತಿತು. ಅಳತೆ ತೆಗೆಯುವಾಗ ನೋಡುವ ಹಾಗೆ ಅವಳು ಅವನನ್ನು ಹೆಗಲಿನಿಂದ ಮಣಿಕಟ್ಟಿನವರೆಗೆ ನೋಡಿದಳು. ಮಣಿಕಟ್ಟಿನ ಹತ್ತಿರ ನೋಟ ಸ್ವಲ್ಪ ಹೊತ್ತು ತಂಗಿತು. ಅವನ ಕಿವಿ ಬಿಸಿಯಾಯಿತು.

ಅವಳು ಎದ್ದು ಬಿಳಿ ಶರ್ಟನ್ನು ತಂದು ಒಳಮಗ್ಗುಲು ತಿರುಗಿಸಿದಳು. ಹೊಲಿಗೆಯ ಆಚೆ ಎರಡು ಬೆರಳಗಲ ಬಟ್ಟೆ ಹಾಗೇ ಇತ್ತು. "ಯಾರ ಬಟ್ಟೆಗಾದ್ರೂ ಇಷ್ಟು ಬಿಡ್ತೀನಿ. ಯಾರು ದಪ್ಪ ಆಗ್ತಾರೆ ಅಂತ ನನಗೇನು ಗೊತ್ತು? ಗೊತ್ತಿಲ್ಲ ಅಂತ ಹೊಲಿಯೋದು ಬಿಡ್ತೀನಾ?"

"ಮೈ ದಪ್ಪ ಆದ್ರೆ ಬಿಚ್ಚಿ ಹೊಲೀಬಹುದು. ಕೈ ಕೆಟ್ರೆ?"

ಅವಳು ಶರ್ಟಿನ ಮುಂಭಾಗವನ್ನು ಅವನೆದುರು ಹಿಡಿದಳು. ಮೇಲೆ ಸಾಲಾಗಿ ಬಿಳಿ ಗುಂಡಿಗಳು, ಬರೀ ಶೋಕಿಗೆ. ಅಡಿಯಲ್ಲಿ, ಒತ್ತಿದರೆ ಕೂರುವ ಟಿಚ್ ಬಟನ್‌ಗಳು.

"ಇದನ್ನ ಯಾವಾಗ ಹಾಕಿದೆ?"

"ಹೋದ ತಿಂಗಳು. ನೀವು ಟೀ ಲೋಟನ ಎರಡೂ ಕೈಲಿ ಹಿಡಿದ್ರಲ್ಲ, ಆಮೇಲೆ." ಅವಳ ದನಿ ತಗ್ಗಿತು. "ಭಯ ಆಗ್ಲಿಲ್ಲ ಅಂತಲ್ಲ. ಎರಡು ದಿನ ಊಟ ಸೇರ್ಲಿಲ್ಲ. ಮೂರನೇ ದಿನ ಹೋಗಿ ಬಟನ್ ತಂದೆ."

ಅವನು ಎಡಗೈಯಿಂದ ಒಂದು ಬಟನ್ ಸವರಿದ.

"ನನ್ನ ಕಣ್ಣಿಗೂ ಯಾರೂ ಗ್ಯಾರಂಟಿ ಬರ್ಕೊಟ್ಟಿಲ್ಲ," ಎಂದಳು. "ಮಂಜಾದ್ರೆ ಸೂಜಿಗೆ ದಾರ ನೀವು ಪೋಣಿಸ್ಬೇಕು."

"ಈ ಕೈಲಿ?"

"ಸಂಜೆವರೆಗೂ ಟೈಮಿರುತ್ತೆ, ನಿಧಾನಕ್ಕೆ."

"ನಾನಿನ್ನೂ ಸತ್ತಿಲ್ಲ. ನಾನು ಪೋಣಿಸ್ತೀನಿ," ಎಂದರು ಕಿವಿ ಮಂದದ ಚಿಕ್ಕಮ್ಮ.

ಅವನು ನಕ್ಕುಬಿಟ್ಟ. ನಗುತ್ತಲೇ ಕೈ ಜೇಬಿನಿಂದ ಹೊರಗೆ ಬಂತು. ಹಾಕಿಕೊಂಡಿದ್ದ ಅಂಗಿಯ ಮೇಲೆಯೇ ಹೊಸ ಶರ್ಟು ತೊಟ್ಟ. ಮೊದಲ ಬಟನ್ ಜಾರಿತು. ಮತ್ತೆ ಜಾರಿತು. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿ ನಿಂತಳು, ಸಹಾಯಕ್ಕೆ ಬರಲಿಲ್ಲ. ಮೂರನೆಯ ಸಲ 'ಟಿಚ್' ಎಂದಿತು.

ಸಂಕಟವೇನೂ ಇಳಿದಿರಲಿಲ್ಲ, ಕೈಯೂ ನಡುಗುತ್ತಲೇ ಇತ್ತು. ಅವನು ಉಳಿದ ಸಾಲನ್ನು ನೋಡಿದ, ಆಮೇಲೆ ಅವಳನ್ನು.

"ಇನ್ನೂ ಐದಿವೆ," ಎಂದ. "ಮದುವೆ ದಿನ ಬೇಗ ಏಳಬೇಕು ನಾನು."