ಹದಿನಾಲ್ಕು ನಿಮಿಷದ ಗೆರೆ

ಒಂಬತ್ತನೆಯ ಪ್ರಮಾಣಪತ್ರಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಹತ್ತನೆಯದನ್ನು ಎಳೆದುಕೊಳ್ಳುವಾಗ ಡಿಗ್ರಿ ಅಕ್ಕನ ಕಣ್ಣು ಶಾಖದ ಗೆರೆ ಎಳೆಯುವ ರೆಕಾರ್ಡರಿನ ಕಾಗದದ ಮೇಲೆ ಬಿತ್ತು.

ಚುಕ್ಕೆ ಇಡುವುದು ಅವಳ ಸೋಮವಾರ ಬೆಳಗಿನ ಕೆಲಸ. ಕಾರ್ಖಾನೆಯ ಥರ್ಮಾಮೀಟರುಗಳನ್ನೆಲ್ಲ ಪರೀಕ್ಷಿಸುವವಳು ಅವಳು. ವರದಿ ಬರೆಯುವವಳೂ ಅವಳೇ. ಸಹಿ ಮಾತ್ರ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರದ್ದು. ಸಹಿಯ ಜಾಗವನ್ನು ಅವರು ಹುಡುಕುವಂತಾಗಬಾರದೆಂದು ಅವಳೇ ಅಲ್ಲೊಂದು ಸಣ್ಣ ಚುಕ್ಕೆ ಇಟ್ಟು ಕಳಿಸುತ್ತಾಳೆ. ಇಪ್ಪತ್ತು ವರ್ಷದಿಂದ ನಡೆದು ಬಂದದ್ದು. ಅವಳು ಓದಿದ್ದು ಡಿಪ್ಲೊಮಾ. ಆದರೂ ಎಲ್ಲರ ಬಾಯಲ್ಲಿ ಡಿಗ್ರಿ ಅಕ್ಕ. ಯಾವ ಕೋಣೆಗೆ ಕಾಲಿಟ್ಟರೂ ಅಲ್ಲಿನ ಶಾಖವನ್ನು ಅರ್ಧ ಡಿಗ್ರಿ ಆಚೀಚೆಯಾಗದಂತೆ ಹೇಳಿಬಿಡುತ್ತಾಳಲ್ಲ, ಅದಕ್ಕೆ.

ಕಾಗದದ ಮೇಲೆ ಗೆರೆ ನೆಟ್ಟಗಿರಬೇಕಿತ್ತು. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆಯವರೆಗೆ, ನಲವತ್ತೆಂಟು ಗಂಟೆ, ಮೂವತ್ತಾರು ಡಿಗ್ರಿ. ನೆಟ್ಟಗೇ ಇತ್ತು, ಒಂದು ಕಡೆ ಬಿಟ್ಟು. ಭಾನುವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗೆರೆ ಗೋಡೆ ಹತ್ತಿದಂತೆ ಅರವತ್ತೊಂದಕ್ಕೆ ಏರಿತ್ತು. ಸ್ವಲ್ಪ ಹೊತ್ತು ಮೇಲೆಯೇ ಕೂತು, ಮತ್ತೆ ಒಂದೇ ಏಟಿಗೆ ಕೆಳಗೆ ಬಿದ್ದಿತ್ತು.

ಪರೀಕ್ಷೆಯಲ್ಲಿದ್ದದ್ದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಮುಚ್ಚಳದ ಪೆಟ್ಟಿಗೆ. ಅರವತ್ತೊಂದು ಡಿಗ್ರಿಯಲ್ಲಿ ಯಾವ ಮಗುವೂ ಉಳಿಯುವುದಿಲ್ಲ.

"ಅಕ್ಕಾ, ಪಾಸಾಯ್ತಾ?"

ಬಾಗಿಲಲ್ಲಿ ಪೆಟ್ಟಿಗೆ ಮೇಡಂ. ಹೆಗಲಿಂದ ಚೀಲ ಇನ್ನೂ ಇಳಿಸಿರಲಿಲ್ಲ. ಪೆಟ್ಟಿಗೆಯನ್ನು ರೂಪಿಸಿದ ಇಂಜಿನಿಯರ್ ಅವಳು. ಮೂವತ್ತೆರಡು ವಯಸ್ಸು, ಮನೆಯಲ್ಲಿ ಎಂಟು ತಿಂಗಳ ಮಗು. ಅಕ್ಕ ಕಾಗದ ತೋರಿಸಿದಳು.

ಅವಳು ನೋಡಿದಳು. ಸ್ಟೂಲಿನ ಮೇಲೆ ಕೂತಳು. "ನನ್ನ ಪೆಟ್ಟಿಗೆ ಹಾಗೆ ಮಾಡಲ್ಲ ಅಕ್ಕ," ಎಂದಳು. ಕಾಗದವನ್ನು ಇನ್ನೊಮ್ಮೆ ಎಳೆದುಕೊಂಡು ನೋಡಿ, "ಮಾಡುತ್ತಾ?"

ಸಂಜೆ ನಾಲ್ಕಕ್ಕೆ ಮಾಲೀಕರ ಮುಂದೆ ಸಭೆ. ಪೆಟ್ಟಿಗೆ ಪಾಸಾದರೆ ಅದಕ್ಕೊಂದು ಪ್ರತ್ಯೇಕ ವಿಭಾಗ, ಅದರ ಮುಖ್ಯಸ್ಥೆ ಇವಳು. ಈ ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ವಿಭಾಗ ನಡೆಸಿದ್ದೇ ಇಲ್ಲ. ಫೇಲಾದರೆ ಪೆಟ್ಟಿಗೆ ಗೋದಾಮಿಗೆ, ಇವಳು ಹಳೆಯ ನಕ್ಷೆ ಮೇಜಿಗೆ.

* * *

ಸುದ್ದಿ ಹರಡಲು ಕಾಲು ಗಂಟೆ ಸಾಕಾಯಿತು. ಮೊದಲು ಬಂದವರು ಮುಖ್ಯಸ್ಥರು. ಗಂಟಲಿಗೆಂದು ದಿನವಿಡೀ ಬಿಸಿನೀರು ಕುಡಿಯುವ ಮನುಷ್ಯ. ಕೈಯಲ್ಲಿನ ಮುಚ್ಚಳದ ಲೋಟವನ್ನು ಮೇಜಿನ ಮೇಲಿಟ್ಟು ಕಾಗದ ನೋಡಿದರು.

"ನಿಯಮ ಪುಸ್ತಕ ಏನು ಹೇಳುತ್ತಮ್ಮ? ನನಗಿಂತ ನಿನಗೇ ಚೆನ್ನಾಗಿ ಗೊತ್ತು."

"ಹತ್ತು ನಿಮಿಷದ ಒಳಗಿದ್ದರೆ ರೆಕಾರ್ಡರಿನ ತೊಂದರೆ ಅಂತ ಬಿಡಬಹುದು ಸರ್. ದಾಟಿದರೆ ಫೇಲು."

"ಎಷ್ಟಿದೆ?"

"ಹದಿನಾಲ್ಕು."

ಮುಖ್ಯಸ್ಥರು ನಿಟ್ಟುಸಿರು ಬಿಟ್ಟರು. ಪೆಟ್ಟಿಗೆ ಮೇಡಂ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡ ಮಗಳೇ. ಆರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ. ನಿನಗೂ ಚಿಕ್ಕ ಮಗು. ನಾನಿದ್ದೀನಲ್ಲ."

ಅವರ ಹಿಂದೆಯೇ ಉಪಮುಖ್ಯಸ್ಥ ಇಣುಕಿದರು. ಬೆನ್ನ ಹಿಂದೆ ಅವರಿಗೆ ಸಿಡುಕಪ್ಪ ಎಂದು ಹೆಸರು. "ನಾನು ಮೊದಲೇ ಬಡ್ಕೊಂಡೆ. ಇದೇನು ಮನೇಲಿ ಹಾಲು ಕಾಯಿಸೋ ಕೆಲಸಾನಾ? ಪೆಟ್ಟಿಗೆ ಸರಿಯಿದ್ರೆ ನಿಮ್ಮ ಅಳತೆ ತಪ್ಪಿರಬೇಕು ಕಣ್ರೀ ಅಕ್ಕಾ. ಎರಡರಲ್ಲಿ ಒಂದು."

ಅಕ್ಕ ಕಾಗದದಿಂದ ತಲೆ ಎತ್ತಲಿಲ್ಲ. ಆದರೆ ಹಾಲಿನ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು.

* * *

ಪೆಟ್ಟಿಗೆಯೊಳಗೆ ಮಗುವಿನ ಜಾಗದಲ್ಲಿ ಎರಡು ಲೀಟರು ನೀರು ತುಂಬಿದ ರಬ್ಬರ್ ಚೀಲ ಮಲಗಿತ್ತು. ಎಲ್ಲರೂ ಅದನ್ನು ಪಾಪು ಎನ್ನುತ್ತಿದ್ದರು. ಪಾಪುವಿನ ಬೆನ್ನಿಗೆ ಅಂಟಿಕೊಂಡಂತೆ ಪ್ರೋಬ್, ಅಂದರೆ ಶಾಖ ಅಳೆಯುವ ಬೆರಳುದ್ದದ ಕಡ್ಡಿ. ಅದರ ತಂತಿ ಪೆಟ್ಟಿಗೆಯ ಪಕ್ಕದ ತೂತಿನಿಂದ ಹೊರಗೆ ಬಂದು ರೆಕಾರ್ಡರಿಗೆ ಸೇರುತ್ತಿತ್ತು.

ಗೆರೆ ಅರ್ಧ ನಿಮಿಷದಲ್ಲಿ ಇಪ್ಪತ್ತೈದು ಡಿಗ್ರಿ ಏರಿದೆ. ಎರಡು ಲೀಟರು ಹಾಲನ್ನು ದೊಡ್ಡ ಉರಿಯಲ್ಲಿಟ್ಟರೂ ಅರ್ಧ ನಿಮಿಷಕ್ಕೆ ಅಷ್ಟು ಕಾಯುತ್ತದೆಯೇ? ಕಾದರೂ ಅರ್ಧ ನಿಮಿಷಕ್ಕೆ ಆರುತ್ತದೆಯೇ? ನೀರಿಗೆ ಅಷ್ಟು ಅವಸರವಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಅದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿರಲಿಲ್ಲ.

ಪಾಪು ಬಿಸಿಯಾಗಿಲ್ಲ. ಪ್ರೋಬ್ ಮಾತ್ರ ಬಿಸಿಯಾಗಿದೆ. ಯಾರೋ ಅದನ್ನು ತೂತಿನಿಂದ ಎಳೆದು, ಬಿಸಿಯಾದ ಯಾವುದರಲ್ಲೋ ಇಳಿಬಿಟ್ಟು, ಹತ್ತು ನಿಮಿಷ ದಾಟುವವರೆಗೆ ಕಾದು, ವಾಪಸು ಇಟ್ಟಿದ್ದಾರೆ. ಅಂದರೆ ನಿಯಮ ಗೊತ್ತಿದ್ದವರು.

ಯಾವುದರಲ್ಲಿ?

ಅಕ್ಕ ಕನ್ನಡಕ ಏರಿಸಿ ಗೆರೆಯ ನೆತ್ತಿಯನ್ನು ನೋಡಿದಳು. ಹದಿನಾಲ್ಕು ನಿಮಿಷದಲ್ಲಿ ಅದು ಅರವತ್ತೊಂದರಿಂದ ಐವತ್ತೆಂಟಕ್ಕೆ ಇಳಿದಿತ್ತು. ಬರೀ ಮೂರು ಡಿಗ್ರಿ. ಬಹಳ ನಿಧಾನ. ಪ್ರೋಬ್‌ಗೆ ಸುತ್ತಿದ ಹತ್ತಿಯ ಬಿಳಿ ಕವಚದ ಮೇಲೆ ಕಾಫಿಯ ಕಲೆಯಿರಲಿಲ್ಲ, ಚಹಾದ್ದೂ ಇರಲಿಲ್ಲ. ಹಾಗಾದರೆ ಬರೀ ನೀರು.

ಊಟದ ಬಿಡುವಿನಲ್ಲಿ ಅವಳು ಊಟ ಮಾಡಲಿಲ್ಲ. ಪೇಪರ್ ಕಪ್ಪು, ಸ್ಟೀಲ್ ಲೋಟ, ಪಿಂಗಾಣಿ ಮಗ್ಗು, ಒಂದೊಂದರಲ್ಲೂ ಬಿಸಿನೀರು ಹಾಕಿ ಪ್ರೋಬ್ ಇಳಿಬಿಟ್ಟಳು. ಹದಿನಾಲ್ಕು ನಿಮಿಷಕ್ಕೆ ಒಂದರಲ್ಲಿ ಹದಿನೈದು ಡಿಗ್ರಿ ಇಳಿಯಿತು, ಇನ್ನೊಂದರಲ್ಲಿ ಹದಿನೆಂಟು, ಮತ್ತೊಂದರಲ್ಲಿ ಹನ್ನೆರಡು. ಯಾವ ಗೆರೆಯೂ ಭಾನುವಾರದ ಗೆರೆಯ ಹಾಗೆ ಕೂರಲಿಲ್ಲ. ಬಿಸಿಯನ್ನು ಅಷ್ಟು ಬಿಗಿಯಾಗಿ ಹಿಡಿದಿಡುವುದು ಎರಡು ಪದರದ ಫ್ಲಾಸ್ಕ್ ಲೋಟ ಮಾತ್ರ.

ಅವಳು ಎಲ್ಲ ಮೇಜುಗಳನ್ನೂ ಒಂದು ಸುತ್ತು ನೋಡಿ ಬಂದಳು. ಅಂಥ ಲೋಟ ಇದ್ದದ್ದು ಎರಡು.

* * *

ಪರೀಕ್ಷಾ ಕೋಣೆಗೆ ಬೀಗವಿಲ್ಲ. ಗೇಟು ದಾಟಿದವರು ಯಾರು ಬೇಕಾದರೂ ಬರಬಹುದು. ಗೇಟಿನ ಪುಸ್ತಕದಲ್ಲಿ ಭಾನುವಾರಕ್ಕೆ ಒಂದೇ ಹೆಸರಿತ್ತು. ಸಿಡುಕಪ್ಪನದು. ಎರಡಕ್ಕೆ ಒಳಗೆ, ಆರಕ್ಕೆ ಹೊರಗೆ.

ಅಕ್ಕ ನೇರವಾಗಿ ಅವರ ಕೋಣೆಗೆ ಹೋದಳು. "ಸರ್, ನಿನ್ನೆ ಬಂದಿದ್ರಂತೆ?"

ಸಿಡುಕಪ್ಪ ಕೆಂಪಾದರು. ಎದ್ದು ಬಾಗಿಲು ಮುಚ್ಚಿದರು. "ಮನೇಲಿ ಬೀಗರು ಬಂದು ಐದು ದಿನ ಆಯ್ತು ಕಣ್ರೀ. ಬಾಯಿಗೆ ಬಿಡುವೇ ಇಲ್ಲ ಅವರಿಗೆ. ತುರ್ತು ಕೆಲಸ ಅಂತ ಹೇಳಿ ಬಂದು ಇದೇ ಕುರ್ಚಿ ಮೇಲೆ ನಿದ್ದೆ ಹೊಡೆದೆ. ನಮ್ಮ ಮನೆಯವಳಿಗೆ ಗೊತ್ತಾದ್ರೆ ಮುಗೀತು."

ಅವರ ಫ್ಲಾಸ್ಕ್ ಲೋಟ ಮೇಜಿನ ಮೇಲಿತ್ತು. ಒಳಗೆ ವರ್ಷಗಟ್ಟಲೆಯ ಕಾಫಿಯ ಕಂದು.

"ಇದರ ಮುಚ್ಚಳ ಎಲ್ಲಿ ಸರ್?"

"ಮೊಮ್ಮಗ ಕಿಟಕಿಯಿಂದ ಎಸೆದ. ಎರಡು ವರ್ಷ ಆಯ್ತು. ಯಾಕೆ, ಸಿಕ್ತಾ?"

"ಸ್ವಲ್ಪ ಹೊತ್ತು ಈ ಲೋಟ ಕೊಡ್ತೀರಾ?"

"ತೊಳೆದು ಕೊಡೋ ಹಾಗಿದ್ರೆ ತಗೊಳ್ಳಿ."

ತೊಳೆದಳು. ನೀರು ಹಾಕಿದಳು. ಮುಚ್ಚಳವಿಲ್ಲದ ಲೋಟದಲ್ಲಿ ಹದಿನಾಲ್ಕು ನಿಮಿಷಕ್ಕೆ ಎಂಟು ಡಿಗ್ರಿ ಇಳಿಯಿತು. ಮೂರಲ್ಲ.

ಅವಳು ಮತ್ತೆ ಗೇಟಿಗೆ ಹೋದಳು.

"ಅಣ್ಣಾ, ನಿನ್ನೆ ಇನ್ಯಾರೂ ಬರಲಿಲ್ವಾ?"

"ಇಲ್ಲಮ್ಮ. ಪುಸ್ತಕದಲ್ಲಿ ಇರೋರೇ ಬಂದಿದ್ದು," ಎಂದ ಕಾವಲುಗಾರ.

ನಾಲ್ಕು ಹೆಜ್ಜೆ ಹೋದವಳು ನಿಂತಳು. ತಿರುಗಿದಳು. "ಪುಸ್ತಕದಲ್ಲಿ ಬರೆಯದೇ ಒಳಗೆ ಬಿಡೋದು ಯಾರನ್ನ?"

ಕಾವಲುಗಾರ ನಕ್ಕ. "ಒಳ್ಳೇ ಕತೆ. ಅವರ ಹೆಸರು ಬರೀರಿ ಅಂತ ಅವರನ್ನೇ ಕೇಳೋಕಾಗುತ್ತಾ?" ಆಮೇಲೆ ಹೇಳಿದ. ಯಾರು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು.

ಅಕ್ಕ ವಾಪಸು ನಡೆದಳು. ಸಿಡುಕಪ್ಪ ಆಗಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡಳು. ಆದರೆ ಕಾವಲುಗಾರ ಹೇಳಿದ್ದು, ಅತ್ತೆ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳೂ ಕೇಳಿದಾಗಲೆಲ್ಲ ಅವಳನ್ನು ಬೇಗ ಬಿಟ್ಟು ಕಳಿಸಿದ ಮನುಷ್ಯನ ಹೆಸರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆ ಋಣವನ್ನು ಅವಳು ಚುಕ್ಕೆ ಇಟ್ಟು ಇಟ್ಟು ತೀರಿಸುತ್ತಲೇ ಬಂದಿದ್ದಳು. ಇವತ್ತು ಸುಮ್ಮನಿದ್ದರೆ ಅದು ಪೂರ್ತಿ ತೀರುತ್ತಿತ್ತು, ಪೆಟ್ಟಿಗೆ ಮೇಡಂ ಲೆಕ್ಕದಲ್ಲಿ.

* * *

ನಾಲ್ಕು ಗಂಟೆ. ಉದ್ದ ಮೇಜಿನ ತುದಿಯಲ್ಲಿ ಮಾಲೀಕರು. ಅವರ ಬಲಕ್ಕೆ ಮುಖ್ಯಸ್ಥರು, ಎಡಕ್ಕೆ ಸಿಡುಕಪ್ಪ. ಗೋಡೆಯ ಬದಿಯ ಕುರ್ಚಿಯಲ್ಲಿ ಪೆಟ್ಟಿಗೆ ಮೇಡಂ. ಅಕ್ಕ ರೆಕಾರ್ಡರನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು.

"ಇದೆಲ್ಲ ಯಾಕೆ? ವರದಿ ಸಾಕಲ್ಲ," ಎಂದರು ಮಾಲೀಕರು.

"ವರದಿ ಇನ್ನೂ ಬರೆದಿಲ್ಲ ಸರ್. ಗೆರೆ ಸುಳ್ಳು." ಅವಳು ಪಾಪುವಿನ ವಿಷಯ ಹೇಳಿದಳು. "ಉಪಮುಖ್ಯಸ್ಥರು ಹಾಲು ಕಾಯಿಸೋ ಮಾತಾಡಿದ್ರು. ಅವರು ಒಂದು ಸಲ ಕಾಯಿಸಿ ನೋಡಿದ್ರೆ ಅವರಿಗೂ ಗೊತ್ತಾಗ್ತಿತ್ತು. ಎರಡು ಲೀಟರು ಅರ್ಧ ನಿಮಿಷಕ್ಕೆ ಕಾಯಲ್ಲ, ಆರಲ್ಲ. ಪ್ರೋಬನ್ನ ಯಾರೋ ಹೊರಗೆ ತೆಗೆದು ಬಿಸಿನೀರಲ್ಲಿ ಇಟ್ಟಿದ್ದಾರೆ."

ಸಿಡುಕಪ್ಪ ಕುರ್ಚಿ ಮುಂದೆಳೆದುಕೊಂಡರು.

"ಯಾರು?" ಮಾಲೀಕರು ಕೇಳಿದರು.

ಅಕ್ಕ ಮುಖ್ಯಸ್ಥರ ಕಡೆ ನೋಡಿದಳು. "ಸರ್, ನಿಮ್ಮ ಲೋಟ ಹದಿನಾಲ್ಕು ನಿಮಿಷ ಕೊಡ್ತೀರಾ?"

ಮುಖ್ಯಸ್ಥರು ನಕ್ಕರು. "ಇದೇನಮ್ಮ ಮಕ್ಕಳಾಟ?"

"ಕೊಡಿ," ಎಂದರು ಮಾಲೀಕರು.

ಲೋಟದಲ್ಲಿ ಆಗ ತಾನೇ ತುಂಬಿದ ಬಿಸಿನೀರಿತ್ತು. ಅಕ್ಕ ಮುಚ್ಚಳದ ಕುಡಿಯುವ ತೂತಿನಿಂದ ಪ್ರೋಬ್ ಇಳಿಬಿಟ್ಟಳು. ಅಳತೆ ಮಾಡಿಸಿದಂತೆ ಕೂತಿತು. ರೆಕಾರ್ಡರಿನ ಪೆನ್ನು ಸರ್ರನೆ ಮೇಲೆ ಹತ್ತಿತು. ಅದರ ಪಕ್ಕದಲ್ಲಿ ಅಕ್ಕ ಭಾನುವಾರದ ಕಾಗದ ಬಿಡಿಸಿಟ್ಟಳು.

ಫ್ಯಾನು ತಿರುಗುತ್ತಿತ್ತು. ಮೂರು ನಿಮಿಷ. ಐದು ನಿಮಿಷ. ಹೊಸ ಗೆರೆ ಹಳೆಯ ಗೆರೆಯ ಪಕ್ಕದಲ್ಲಿ ತಂಗಿಯಂತೆ ನಡೆಯುತ್ತಿತ್ತು. ಏಳು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. ಕುಡಿಯಲು ಲೋಟದ ಕಡೆ ಹೋದ ಕೈ ಅರ್ಧಕ್ಕೇ ನಿಂತಿತು.

ಒಂಬತ್ತನೆಯ ನಿಮಿಷಕ್ಕೆ ಅವರು ಹೇಳಿದರು. "ಸಾಕು. ತೆಗಿ."

"ಇಂಥ ಲೋಟ ಇಲ್ಲಿ ಎರಡೇ ಇರೋದು ಸರ್," ಅಕ್ಕ ಮಾಲೀಕರಿಗೆ ಹೇಳಿದಳು. "ಹದಿನೈದು ವರ್ಷ ತುಂಬಿದವರಿಗೆ ನೀವೇ ಕೊಟ್ಟಿದ್ದು. ಒಂದರ ಮುಚ್ಚಳ ಕಳೆದಿದೆ, ಅದರಲ್ಲಿ ನೀರು ಬೇಗ ಆರುತ್ತೆ. ಅದನ್ನೂ ನೋಡಿದೆ. ಗೇಟಿನ ಪುಸ್ತಕದಲ್ಲಿ ಮುಖ್ಯಸ್ಥರ ಹೆಸರಿಲ್ಲ. ಅವರದ್ದು ಬರೆಯೋ ಪದ್ಧತಿಯೇ ಇಲ್ಲ. ನಿನ್ನೆ ಮೂರೂವರೆಗೆ ಬಂದು ನಾಲ್ಕೂವರೆಗೆ ಹೋದರು ಅಂತ ಕಾವಲುಗಾರ ಹೇಳ್ದ."

"ನಿಮಗೂ ಅದೇ ವರ್ಷ ಹದಿನೈದು ತುಂಬಿತ್ತಲ್ಲ? ನಿಮಗೆ ಲೋಟ ಕೊಡಲಿಲ್ವಾ?" ಮಾಲೀಕರು ಅಕ್ಕನನ್ನು ಕೇಳಿದರು.

"ಹೆಂಗಸರಿಗೆ ಬಡಿಸೋ ಪಾತ್ರೆ ಸೆಟ್ ಕೊಟ್ರಿ ಸರ್. ಆರು ಪೀಸು. ಅದು ಮನೇಲಿದೆ."

ಮಾಲೀಕರು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸಿದರು. ಆಮೇಲೆ ಬಲಕ್ಕೆ ತಿರುಗಿದರು. "ಯಾಕ್ರೀ? ಪೆಟ್ಟಿಗೆಗೆ ಈ ಹುಡುಗಿ ಹೆಸರು ಹೇಳಿದ್ದೇ ನೀವು."

"ನನ್ನ ಕೆಳಗೆ ಇರ್ತಾಳೆ ಅಂತ ಹೇಳಿದ್ದೆ. ನೀವು ಬೇರೆ ವಿಭಾಗ ಅಂದ್ರಿ." ಮುಖ್ಯಸ್ಥರ ದನಿ ಈಗಲೂ ಮೆತ್ತಗೇ ಇತ್ತು. "ನಾಲ್ಕು ವರ್ಷ ಕೈ ಹಿಡಿದು ಕಲಿಸಿದ್ದೀನಿ. ಕೆಡಿಸಬೇಕು ಅಂತ ಅಲ್ಲ. ಸ್ವಲ್ಪ ತಡ ಆಗಲಿ ಅಂತ ಅಷ್ಟೆ. ಆಮೇಲೆ ನಾನೇ ಮುಂದೆ ನಿಂತು ಪಾಸು ಮಾಡಿಸ್ತಿದ್ದೆ. ಅವಳಿಗೆ ಮಗು ಬೇರೆ ಚಿಕ್ಕದು."

ಪೆಟ್ಟಿಗೆ ಮೇಡಂ ಮೊದಲ ಸಲ ಬಾಯಿ ಬಿಟ್ಟಳು. "ಆ ಮಗು ಇಂಥದೇ ಒಂದು ಪೆಟ್ಟಿಗೇಲಿ ಹನ್ನೊಂದು ದಿನ ಇತ್ತು ಸರ್. ನೀವು ನೋಡೋಕೆ ಬಂದಿದ್ರಿ. ಗಾಜಿನ ಮೇಲೆ ಕೈ ಇಟ್ಟು ನಿಂತಿದ್ರಿ."

ಮುಖ್ಯಸ್ಥರು ಲೋಟ ಅಲ್ಲೇ ಬಿಟ್ಟು ಎದ್ದು ಹೋದರು. ನಾಳೆಯಿಂದ ಬರುವುದು ಬೇಡ ಎಂದು ಮಾಲೀಕರು ಹೇಳಿದ್ದು ಅವರ ಬೆನ್ನಿಗೆ.

"ಪರೀಕ್ಷೆ ಇವತ್ತೇ ಮತ್ತೆ ಶುರುವಾಗಲಿ. ಆ ಕೋಣೆಗೆ ಬೀಗ ಹಾಕ್ಸಿ, ಕೀ ಅಕ್ಕನ ಹತ್ತಿರ ಇರಲಿ. ಬುಧವಾರ ಗೆರೆ ನೆಟ್ಟಗಿದ್ರೆ ವಿಭಾಗ ನಿಂದೇ ಕಣಮ್ಮ," ಎಂದರು ಮಾಲೀಕರು.

ಸಿಡುಕಪ್ಪ ಹೊರಗೆ ಬಂದು ಅಕ್ಕನ ಪಕ್ಕ ಹೆಜ್ಜೆ ಹಾಕಿದರು. "ಬೀಗರ ವಿಷಯ ಎತ್ತಲಿಲ್ಲ ನೀವು. ಉಪಕಾರ ಆಯ್ತು."

"ನಿಮ್ಮ ಲೋಟ ತೊಳೆದು ಇಟ್ಟಿದ್ದೀನಿ ಸರ್."

* * *

ಐದೂವರೆಗೆ ಪಾಪು ಮತ್ತೆ ಪೆಟ್ಟಿಗೆಯೊಳಗೆ ಮಲಗಿತು. ಅಕ್ಕ ಪ್ರೋಬನ್ನು ಅದರ ಬೆನ್ನಿಗೆ ಸರಿಸಿ ತೂತು ಮುಚ್ಚಿದಳು. ಪೆನ್ನು ಕಾಗದ ಮುಟ್ಟಿತು.

"ಬುಧವಾರ ಪ್ರಮಾಣಪತ್ರಕ್ಕೆ ಸಹಿ ಯಾರದ್ದು ಅಕ್ಕ? ಸಿಡುಕಪ್ಪನದ್ದಾ?" ಪೆಟ್ಟಿಗೆ ಮೇಡಂ ಚೀಲ ಹುಡುಕುತ್ತ ಕೇಳಿದಳು.

"ನೋಡೋಣ. ನೀನು ಹೊರಡು, ಮಗು ಕಾಯ್ತಿರುತ್ತೆ. ಕೈ ತೊಳ್ಕೊಂಡು ಬರ್ತೀನಿ."

ಅವಳು ಹೋದ ಮೇಲೆ ಅಕ್ಕ ಖಾಲಿ ಪ್ರಮಾಣಪತ್ರ ತೆಗೆದು ತಾರೀಕು ಬರೆದಳು. ಅಭ್ಯಾಸಬಲದಿಂದ ಪೆನ್ಸಿಲ್ ಕೆಳಗಿಳಿದು ಚುಕ್ಕೆ ಇಟ್ಟುಬಿಟ್ಟಿತು. ಅವಳು ಅದನ್ನು ನೋಡುತ್ತ ಕೂತಳು. ಆಮೇಲೆ ನಿಯಮ ಪುಸ್ತಕ ತೆಗೆದಳು. ಹತ್ತು ನಿಮಿಷದ ನಿಯಮ ಆರನೆಯ ಪುಟದಲ್ಲಿದೆ. ಅವಳಿಗೆ ಬೇಕಿದ್ದದ್ದು ನಾಲ್ಕನೆಯದು.

ಪರೀಕ್ಷೆ ನಡೆಸಿದವರೇ ಪ್ರಮಾಣಪತ್ರಕ್ಕೆ ಸಹಿ ಹಾಕತಕ್ಕದ್ದು.

ಅಷ್ಟೇ. ಡಿಗ್ರಿಯ ಮಾತಿಲ್ಲ, ಹುದ್ದೆಯ ಮಾತಿಲ್ಲ. ಈ ಸಾಲನ್ನು ಅವಳು ಎಷ್ಟು ಸಲ ಓದಿದ್ದಳೋ. ಬೇರೆ ಯಾರದೋ ಮನೆಯ ವಿಳಾಸ ಓದಿದ ಹಾಗೆ ಓದಿ ಪುಟ ತಿರುಗಿಸಿದ್ದಳು.

ರಬ್ಬರ್ ತೆಗೆದು ಚುಕ್ಕೆ ಅಳಿಸಿದಳು. ಊದಿದಳು. ಚೀಲದಲ್ಲಿದ್ದ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಹಳೆಯ ಕಾಗದದ ಅಂಚಿನಲ್ಲಿ ತನ್ನ ಹೆಸರು ಬರೆದು ನೋಡಿದಳು. ಮೊದಲನೆಯದು ಸೊಟ್ಟಗೆ ಬಂತು. ಎರಡನೆಯದು ಪರವಾಗಿಲ್ಲ. ಬುಧವಾರಕ್ಕೆ ಇನ್ನೂ ಎರಡು ದಿನವಿತ್ತು. ಪ್ರಮಾಣಪತ್ರವನ್ನು ಡ್ರಾಯರಿನಲ್ಲಿಟ್ಟು, ಅದರ ಮೇಲೆ ಪೆನ್ನು ಇಟ್ಟಳು.

ಕೋಣೆಗೆ ಬೀಗ ಹಾಕುವಾಗ ಕಾವಲುಗಾರ ಎದುರಾದ. "ಇಷ್ಟು ಹೊತ್ತು ಏನು ಮಾಡ್ತಿದ್ರಿ ಅಕ್ಕಾ?"

"ಏನಿಲ್ಲ ಅಣ್ಣ. ಪೆನ್ನು ಬರೆಯುತ್ತಾ ಅಂತ ನೋಡ್ತಿದ್ದೆ."